ಹತ್ತಿರ ಬಂದ ಜೇಬುಗಳು

ನನ್ನ ತಮ್ಮ ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ. ಮೂವತ್ತು ವರ್ಷದಿಂದ ಒಂದೇ ಅಂಗಡಿ, ಒಂದೇ ಕತ್ತರಿ. ಬೀದಿಯವರಿಗೆಲ್ಲ ಅವನು ಮಾಸ್ಟರು. ಗಿರಾಕಿ ಉಸಿರು ಬಿಗಿಹಿಡಿದು ಸೊಂಟದ ಅಳತೆ ಕೊಟ್ಟರೆ, "ದಿನಾ ಹೀಗೇ ಇರ್ತೀರಾ?" ಎಂದು ಗದರುತ್ತಿದ್ದ.

ಆ ವರ್ಷ ಅವನಿಗೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಅಂಗಡಿಯ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಮೆಷಿನ್ನಿಗೆ ಕೂರುತ್ತಿದ್ದ. ಯಾರಿಗೂ ಹೇಳಲಿಲ್ಲ. ಸೊಂಟ ಸಡಿಲವಾದಂತೆಲ್ಲ ತನ್ನ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಬಿಗಿಮಾಡಿಕೊಂಡ. ಬೇರೆಯವನಾಗಿದ್ದರೆ ಬಟ್ಟೆ ಜೋತುಬಿದ್ದು ಮನೆಯವರ ಕಣ್ಣಿಗೆ ಬೀಳುತ್ತಿತ್ತು. ಇವನದು ಅಚ್ಚುಕಟ್ಟಾಗಿ ಕೂತಿತ್ತು. ಮುಖ ಇಳಿದಿದೆಯಲ್ಲ ಎಂದು ಹೆಂಡತಿ ಕೇಳಿದರೆ, ಹೊಸ ಕನ್ನಡಕಕ್ಕೆ ಹಾಗೆ ಕಾಣುತ್ತೆ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ನನ್ನತ್ತ ಬೆನ್ನು ಹಾಕಿ ಬಟ್ಟೆ ಕತ್ತರಿಸುತ್ತಿದ್ದ. ಪ್ಯಾಂಟಿನ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು.

"ಲೋ, ಎಷ್ಟು ಇಂಚು ಹಿಡಿದಿದ್ದೀಯ?"

"ಯಾವುದರಲ್ಲಿ ಅಕ್ಕ?"

"ನಿನ್ನ ಸೊಂಟದಲ್ಲಿ. ನನಗೆ ಕಣ್ಣಿದೆ."

"ಐದು," ಎಂದ, ಸಿಕ್ಕಿಬಿದ್ದ ಕಳ್ಳನ ಹಾಗೆ.

ಅಂದೇ ನಾನೂ ಅವನ ಹೆಂಡತಿಯೂ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಪಿತ್ತಕೋಶದಲ್ಲಿ ಬೆಳೆದ ದೊಡ್ಡ ಕಲ್ಲೊಂದು ಗೋಡೆ ಸವೆಸಿ ಕರುಳಿಗೆ ಇಳಿದು, ಜಠರದಿಂದ ಹೊರಗೆ ಹೋಗುವ ದಾರಿಗೆ ಬಿರಡೆಯಂತೆ ಕೂತಿತ್ತು. ತೀರ ಅಪರೂಪ ಎಂದರು ಸರ್ಜನ್. ಸ್ಕ್ಯಾನಿನಲ್ಲಿ ಇನ್ನೊಂದೂ ಕಂಡಿತು: ಹುಟ್ಟುವ ಮೊದಲೇ ಕೂಡಿ ಒಂದಾಗಬೇಕಿದ್ದ ಮೇದೋಜೀರಕ ಗ್ರಂಥಿಯ ನಾಳಗಳು ಅವನಲ್ಲಿ ಎರಡಾಗಿಯೇ ಉಳಿದಿದ್ದವು. ಕಲ್ಲು ತೆಗೆಯದಿದ್ದರೆ ಮನುಷ್ಯ ಉಳಿಯುವುದಿಲ್ಲ. ಇಷ್ಟು ಸೊರಗಿದ ಮೈ ಆಪರೇಷನ್ ತಡೆದೀತೆಂಬ ಭರವಸೆಯೂ ಇಲ್ಲ.

"ಹೇಗೂ ಬಿಚ್ತೀರಲ್ಲ ಡಾಕ್ಟ್ರೇ, ಆ ನಾಳಾನೂ ಜೋಡಿಸಿಬಿಡಿ," ಎಂದ ತಮ್ಮ.

"ಐವತ್ತೆಂಟು ವರ್ಷ ಅದರ ಪಾಡಿಗೆ ಅದು ಕೆಲಸ ಮಾಡಿದೆ. ಮುಟ್ಟಿದ್ರೆ ಕೆರಳುತ್ತೆ. ನೀವಾಗಿದ್ರೆ ಏನ್ ಮಾಡ್ತಿದ್ರಿ ಮಾಸ್ಟ್ರೇ?"

"ಗಟ್ಟಿ ಇರೋ ಹೊಲಿಗೆ ಮುಟ್ಟಲ್ಲ ಬಿಡಿ," ಎಂದು ಒಪ್ಪಿಕೊಂಡ.

ಒಂದು ವಾರ ನಳಿಗೆಯಲ್ಲೇ ಆಹಾರ ಕೊಟ್ಟು, ಅವನು ತುಸು ಚೇತರಿಸಿಕೊಂಡ ಮೇಲೆ ಆಪರೇಷನ್ನಿಗೆ ಒಳಗೆ ಕರೆದೊಯ್ದರು. ನಾಲ್ಕು ಗಂಟೆ ಹಿಡಿಯಿತು. ಬಾಗಿಲ ಹೊರಗೆ ಅವನ ಹೆಂಡತಿ, "ಜೊತೆಗೇ ಇದ್ದೂ ನನಗೆ ಕಾಣಲಿಲ್ವಲ್ಲ ಅತ್ತಿಗೆ," ಎಂದಳು.

"ಕಾಣದ ಹಾಗೆ ಹೊಲಿದಿದ್ದಾನೆ. ನೀನೇನು ಮಾಡ್ತೀಯ, ಸುಮ್ಮನಿರು," ಎಂದೆ.

ಕಲ್ಲು ತೆಗೆದ ಆರನೆಯ ದಿನ ಒಂದು ಬಟ್ಟಲು ಸೂಪು ಕುಡಿಸಿದರು. ನಾವಿಬ್ಬರೂ ಅವನ ಮುಖ ನೋಡುತ್ತ ಕೂತೆವು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಕುಡಿದದ್ದು ಒಳಗೇ ಇತ್ತು.

"ಏನು ಹಾಗೆ ನೋಡ್ತೀರಿ? ಇನ್ನೊಂದು ಬಟ್ಟಲು ಸಿಗುತ್ತಾ ನೋಡಿ," ಎಂದ.

"ಡಾಕ್ಟ್ರನ್ನ ಕೇಳ್ಬೇಕು ರೀ."

"ಕೇಳು ಮತ್ತೆ."

ಅವಳು ಚಪ್ಪಲಿಯನ್ನು ಮಂಚದಡಿಯಲ್ಲೇ ಬಿಟ್ಟು ಓಡಿದಳು.