ಕರಿಮಣಿ ಸರದ ಕೊನೆಯ ರಿಂಗು

ಮೊನ್ನೆ ಮಗಳು ಕಾಲು ಚಾಚಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಪಿರಿಯಾಪಟ್ಟಣದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ. ಈಗ ಆ ಜಾಗದಲ್ಲಿ ಬೇಕರಿಯೊಂದು, ಮೊಬೈಲ್ ಅಂಗಡಿಯೊಂದು ಅಂಟಿಕೊಂಡು ನಿಂತಿವೆ. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ. ಆಗ ನಮ್ಮ ಮನೆಯಲ್ಲಿ ಯಾರೂ ಉಗುರಿಗೆ ಬಣ್ಣ ಹಚ್ಚಿದವರಲ್ಲ. ಆದರೂ ಉಗುರು ಬಣ್ಣದ ಪುಟ್ಟ ಸೀಸೆಯೊಂದು ಗೌರತ್ತೆಯ ಮಣಿಡಬ್ಬಿಯಲ್ಲಿ ಸದಾ ಇರುತ್ತಿತ್ತು. ಗೌರತ್ತೆ ಅಪ್ಪನ ಅಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೀದಿಯ ಹೆಂಗಸರಿಗೆಲ್ಲ ಮಣಿಸರ ಪೋಣಿಸಿಕೊಡುತ್ತಿದ್ದಳು. ಸರದ ಎರಡು ತುದಿಗೂ ಕೊಂಡಿಗೂ ನಡುವೆ ಅಕ್ಕಿಕಾಳಿನಷ್ಟು ಸಣ್ಣ ತಂತಿಯ ರಿಂಗು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ರಿಂಗಿನ ಬಾಯಿ ಮುಚ್ಚಿದ ಮೇಲೆ ಆ ಸಂದಿಗೆ ಒಂದು ತೊಟ್ಟು ಉಗುರು ಬಣ್ಣ ಇಡುತ್ತಿದ್ದಳು. ಅದು ಒಣಗಿತೆಂದರೆ ಸೀರೆಯ ನೂಲೂ ಸಿಕ್ಕಿಕೊಳ್ಳುತ್ತಿರಲಿಲ್ಲ, ದಾರವೂ ಜಾರುತ್ತಿರಲಿಲ್ಲ.

ನನಗೂ ಕಲಿಸಿದ್ದಳು, ಅದನ್ನು ಹೇಳಿಬಿಡುತ್ತೇನೆ. ರಿಂಗನ್ನು ಎರಡು ಕಡೆಗೆ ಎಳೆದು ಅಗಲ ಮಾಡಿದರೆ ಅದು ಮತ್ತೆಂದೂ ದುಂಡಗಾಗುವುದಿಲ್ಲ. ಒಂದು ತುದಿಯನ್ನು ಬೆರಳಲ್ಲಿ ಬಿಗಿಹಿಡಿದು, ಇನ್ನೊಂದನ್ನು ಇಕ್ಕಳದಿಂದ ಆಚೆಗೆ ತಳ್ಳಬೇಕು. "ಬಾಗ್ಲು ತಗದಂಗೆ ತಳ್ಳವ್ವ, ಬಾಯಿ ಕಿಸೀಬ್ಯಾಡ" ಎನ್ನುತ್ತಿದ್ದಳು. ನಾನು ಎಡಚಿ. ಎಡಗೈಯಲ್ಲೇ ಇಕ್ಕಳ ಹಿಡಿದು ಬೇಗ ಕಲಿತೆ. ಆಮೇಲೆ ಮಂಗಳಾ ಬಂದಳು.

ಮಂಗಳಾ ಚಿಕ್ಕಪ್ಪನ ಮಗಳು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಕಡೆಯಿಂದ ಓದಲೆಂದು ನಮ್ಮ ಮನೆಗೆ ಬಂದು ಸೇರಿದಳು. ನನಗೂ ಅವಳಿಗೂ ಹನ್ನೊಂದು ವರ್ಷ. ನನ್ನ ಚಾಪೆಯಲ್ಲಿ ಮಲಗಿದಳು, ನನ್ನ ತಟ್ಟೆಯಲ್ಲಿ ಉಂಡಳು, ಅಷ್ಟನ್ನೂ ಸಹಿಸಿದೆ. ಕರಿಮಣಿಯ ವಿಷಯದಲ್ಲಿ ಮಾತ್ರ ಸಹಿಸಲಾಗಲಿಲ್ಲ. ಮದುವೆಯ ಕರಿಮಣಿ ಸರವನ್ನು ಗೌರತ್ತೆ ಪೋಣಿಸಬಹುದಿತ್ತು, ಆದರೆ ಕೊನೆಯ ರಿಂಗನ್ನು ಮುಚ್ಚುವಂತಿರಲಿಲ್ಲ. ಗಂಡ ಸತ್ತವಳ ಕೈ ಅದಕ್ಕೆ ತಾಗಬಾರದೆಂಬುದು ಊರವರ ಮಾತು. ಹಾಗಾಗಿ ಮನೆಯ ಹೆಣ್ಣುಮಗುವಿನ ಕೈಯಲ್ಲಿ ಮುಚ್ಚಿಸಬೇಕಿತ್ತು. ಆ ಮಗು ನಾನೇ ಎಂದುಕೊಂಡಿದ್ದೆ. ಆದರೆ ಅತ್ತೆ ಇಕ್ಕಳವನ್ನು ಮಂಗಳಾಗೆ ಕೊಟ್ಟಳು. "ನೀನು ಎಡಚಿ ಕಣವ್ವ, ಕರಿಮಣೀಗೆ ಎಡಗೈ ಆಗಕಿಲ್ಲ ಅಂತಾರೆ ಜನ. ಬೇಜಾರು ಮಾಡ್ಕಬ್ಯಾಡ" ಎಂದಳು. ಬೇಜಾರೇ? ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಮಂಗಳಾ ನಾಲಿಗೆಯ ತುದಿ ಕಚ್ಚಿಕೊಂಡು ರಿಂಗು ಮುಚ್ಚುವಾಗ ಅತ್ತೆ ಅವಳ ಜಡೆ ನೇವರಿಸುತ್ತಿದ್ದುದನ್ನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ.

ಹಿಂದಿನ ಬೀದಿಯ ಸಾವಿತ್ರಮ್ಮನ ಮಗಳ ಮದುವೆ ಗೊತ್ತಾಯಿತು. ಸರ ಸಿದ್ಧವಾಗಿ, ಮಂಗಳಾ ಮುಚ್ಚಿದ ರಿಂಗಿಗೆ ಅತ್ತೆ ಬಣ್ಣ ಇಟ್ಟು, ತಟ್ಟೆಯಲ್ಲಿ ಒಣಗಲು ಬಿಟ್ಟಿದ್ದಳು. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ನಾನು ಕೈತೊಳೆಯುವ ನೆಪದಲ್ಲಿ ಎದ್ದುಬಂದೆ. ಪಿನ್ನಿನಿಂದ ಬಣ್ಣ ಕೆರೆದೆ. ಇಕ್ಕಳ ಹಿಡಿದು ರಿಂಗಿನ ಬಾಯಿಯನ್ನು ಒಂದಿಷ್ಟೇ ಇಷ್ಟು ತಳ್ಳಿದೆ. ಹೋಗಿ ಮಜ್ಜಿಗೆ ಅನ್ನ ಉಂಡೆ.

ಸಂಜೆ ಸಾವಿತ್ರಮ್ಮ ಮಗಳೊಂದಿಗೆ ಬಂದು, ಉದ್ದ ನೋಡಲೆಂದು ಸರವನ್ನು ಅವಳ ಕುತ್ತಿಗೆಗೆ ಹಿಡಿದದ್ದೇ ರಿಂಗು ಕಳಚಿ, ಸರ ಜಾರಿ ನೆಲಕ್ಕೆ ಬಿತ್ತು. ಹುಡುಗಿ ಬೆದರಿಹೋದಳು. ರಿಂಗು ಮುಚ್ಚಿದವರು ಯಾರೆಂದು ಸಾವಿತ್ರಮ್ಮ ಕೇಳಿದರು. ಮಂಗಳಾಗೆ ಬೈಗುಳ ಬೀಳಲಿ ಎಂದು ನಾನು ಕಾಯುತ್ತಿದ್ದೆ. ಗೌರತ್ತೆ ರಿಂಗನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ನಾನೇ ಕಣ್ರೀ ಸಾವಿತ್ರಮ್ಮ. ನನ್ ಕೈ ತಪ್ಪು. ಮಕ್ಳನ್ನ ಏನೂ ಅನ್ಬ್ಯಾಡಿ" ಎಂದಳು.

ಗಂಡ ಸತ್ತವಳು ತಾನೇ ಒಪ್ಪಿಕೊಂಡ ಮೇಲೆ ಬೀದಿ ಸುಮ್ಮನಿರುತ್ತದೆಯೇ? ಅಂದಿನಿಂದ ನಮ್ಮ ಮನೆಗೆ ಕರಿಮಣಿ ಬರಲಿಲ್ಲ. ಗಾಜಿನ ಮಣಿ ತರುವವರೂ ಬರುಬರುತ್ತಾ ಕಡಿಮೆಯಾದರು. ಅತ್ತೆ ನನ್ನನ್ನು ಬಯ್ಯಲಿಲ್ಲ. ಮುದ್ದೆಗೆ ಎಂದಿನಂತೆ ತುಪ್ಪ ಬಡಿಸಿದಳು. ಗೊತ್ತಾಗಿಲ್ಲ ಬಿಡು ಎಂದುಕೊಂಡೆ. ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದರೂ ನುಂಗಿಕೊಂಡೆ. ಹಾಗೆಯೇ ವರ್ಷಗಳು ಕಳೆದವು.

ಅತ್ತೆಯ ತಿಥಿಯ ದಿನ ಮಂಗಳಾ ಮಣಿಡಬ್ಬಿ ತಂದು ನನ್ನ ಮುಂದಿಟ್ಟಳು. ಉಗುರು ಬಣ್ಣದ ಸೀಸೆ ಒಣಗಿ ಗಟ್ಟಿಯಾಗಿತ್ತು. ನಾನು ಅಂದೇ ಮೊದಲ ಸಲ ಬಾಯಿಬಿಟ್ಟು, ಅದನ್ನು ಮಾಡಿದವಳು ನಾನು ಎಂದೆ. ಅವಳು ತಲೆ ಎತ್ತಲೂ ಇಲ್ಲ.

"ಗೊತ್ತು ಕಣೆ. ಬಲಗೈಯೋರು ತಳ್ಳಿದ್ರೆ ರಿಂಗಿನ ಬಾಯಿ ಒಂದ್ ಕಡೀಕೆ ಓರೆ ಆಯ್ತದೆ, ಎಡಗೈಯೋರು ತಳ್ಳಿದ್ರೆ ಇನ್ನೊಂದ್ ಕಡೀಕೆ. ಅತ್ತೆ ಅವತ್ತೇ ನನ್ನ ಹಿತ್ಲಿಗೆ ಕರ್ಕಂಡೋಗಿ ತೋರುಸ್ದ್ಲು. ಅವಳ್ಗೆ ಯೋಳ್ಬ್ಯಾಡ, ಮಗ ನೊಂದ್ಕತದೆ ಅಂದ್ಲು."

ನಾನು ಅಳಬೇಕಿತ್ತು. ಅವಳ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಮೊದಲು ಎದ್ದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಅಷ್ಟು ವರ್ಷ ಅವರಿಬ್ಬರ ನಡುವೆ ನನ್ನದೇ ಒಂದು ಗುಟ್ಟಿತ್ತು, ನಾನು ಮಾತ್ರ ಅದರ ಹೊರಗಿದ್ದೆ. ಹಿತ್ತಿಲಲ್ಲಿ ಅತ್ತೆ ರಿಂಗು ತೋರಿಸಿದ್ದೂ ಅವಳಿಗೇ.

ಆ ಇಕ್ಕಳ ಈಗ ನನ್ನ ಹತ್ತಿರವಿದೆ. ಮಗಳ ಸರ ಕಿತ್ತುಹೋದರೆ ಎಡಗೈಯಲ್ಲೇ ರಿಂಗು ಕೂರಿಸಿ, ಅವಳ ಸೀಸೆಯಿಂದಲೇ ಒಂದು ತೊಟ್ಟು ಬಣ್ಣ ಇಡುತ್ತೇನೆ. ಒಣಗುವವರೆಗೆ ಬೇರೇನೂ ಮಾಡುವಂತಿಲ್ಲ, ಆ ಘಾಟಿನಲ್ಲಿ ಸುಮ್ಮನೆ ಕುಳಿತಿರಬೇಕು. ಬಯ್ಯುವುದಕ್ಕಾದರೂ ಒಂದು ಸಲ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಬಾರದಿತ್ತೇ, ಅತ್ತೆ?