ಹಗ್ಗದ ಆಚೆ ಚೌಡರ್

ಓರೆಗಾನ್ ತೀರದ ಆ ಸರ್ಕಾರಿ ಉದ್ಯಾನಕ್ಕೆ ನಾಯಿ ತಂದವರೆಲ್ಲ ಆರ್ಲೀನ್ ಪಿಟ್‌ಮನ್‌ಗೆ ಹೆದರುತ್ತಿದ್ದರು. ಒಂಬತ್ತು ಬೇಸಿಗೆಯಿಂದ ಅವಳು ಅಲ್ಲಿನ ಕ್ಯಾಂಪ್ ಹೋಸ್ಟ್. ಸಂಬಳವಿಲ್ಲ. ತನ್ನ ಟ್ರೇಲರ್ ನಿಲ್ಲಿಸಲು ಜಾಗ ಪುಕ್ಕಟೆ. ಬದಲಿಗೆ ಒಲೆಗುಂಡಿಗಳ ಬೂದಿ ತೆಗೆಯಬೇಕು, ಶೌಚಾಲಯ ತೊಳೆಯಬೇಕು, ಬಂದವರಿಗೆ ನಿಯಮ ಹೇಳಬೇಕು. ಕೊನೆಯ ಕೆಲಸದಲ್ಲಿ ಅವಳಿಗೆ ಕೊಂಚ ಹೆಚ್ಚೇ ಉಮೇದು.

"ಏನ್ರೀ, ಆ ಬೆಲ್ಟು ನಾಯಿಗೆ ತಂದಿದ್ದೋ, ನಿಮ್ಮ ಕುತ್ತಿಗೆಗೋ?"

ಪ್ಲೋವರ್ ಎಂಬ ಪುಟ್ಟ ಹಕ್ಕಿ ಬರೀ ಮರಳಿನ ಮೇಲೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ತೀರದ ಉತ್ತರ ಭಾಗಕ್ಕೆ ನಾಯಿಗಳು ಹೋಗುವಂತಿಲ್ಲ. ಅಲ್ಲಿ ಹಗ್ಗ ಕಟ್ಟಿದವಳೂ ಆರ್ಲೀನೇ.

ಅವಳ ಸ್ವಂತ ನಾಯಿ ಚೌಡರ್‌ಗೆ ಹದಿನಾಲ್ಕು ವರ್ಷ, ಹಿಂಗಾಲು ಸೋತಿತ್ತು. ಶುಕ್ರವಾರ ನೋವಿಲ್ಲದೆ ಕಣ್ಣು ಮುಚ್ಚಿಸುವ ಕೊನೆಯ ಸೂಜಿ ಎಂದು ಡಾಕ್ಟರು ದಿನ ಗೊತ್ತುಮಾಡಿದ್ದರು. ಬುಧವಾರ ಬೆಳಿಗ್ಗೆ ಮಂಜು ಮುಸುಕಿದ ಮರಳಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಈ ಕುಂಟ ಮುದುಕ ಎಲ್ಲಿಗೆ ಹೋದಾನು ಎಂದು ಅವಳು ಬೆಲ್ಟು ಬಿಚ್ಚಿದಳು. ಎರಡು ವರ್ಷದಿಂದ ಓಡದ ನಾಯಿ ಹಗ್ಗದಡಿ ನುಸುಳಿ ಓಡಿತು. ಅವಳು ಕೂಗಿ ಕರೆಯಬೇಕಿತ್ತು. ಕರೆಯದೆ, ಖುಷಿಯಿಂದ ನೋಡುತ್ತ ನಿಂತುಬಿಟ್ಟಳು.

ಕೊನೆಗೆ ಹಗ್ಗ ದಾಟಿ ಹೋಗಿ ನೋಡಿದರೆ, ಪ್ಲೋವರ್‌ನ ಮೂರು ಮೊಟ್ಟೆಗಳಲ್ಲಿ ಎರಡು ನಾಯಿಯ ಕಾಲಿಗೆ ಸಿಕ್ಕಿ ಒಡೆದಿದ್ದವು. ಹಿಂದಿರುಗುವಾಗ ಅವಳು ತನ್ನ ಬೂಟಿನ ಗುರುತುಗಳನ್ನು ಮಾತ್ರ ಅಳಿಸುತ್ತ ಬಂದಳು. ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಉದ್ಯಾನದ ಕಾವಲು ಅಧಿಕಾರಿ, ರೇಂಜರ್ ಡೆಲ್ಬರ್ಟ್, ಒಡೆದ ಮೊಟ್ಟೆಗಳ ಬಳಿ ನಾಯಿಯ ಹೆಜ್ಜೆ ಕಂಡು, ಮಧ್ಯಾಹ್ನ ಹದಿನಾಲ್ಕನೇ ಕ್ಯಾಂಪ್ ಜಾಗದಲ್ಲಿ ತಂಗಿದ್ದ ಲೂಥರ್‌ಗೆ ದಂಡದ ಚೀಟಿ ಬರೆದ. ಲೂಥರ್‌ನ ನಾಯಿ ಹಿಂದಿನ ಸಂಜೆ ಬೆಲ್ಟಿಲ್ಲದೆ ತಿರುಗಿದ್ದನ್ನು ದೂರಿನ ಪುಸ್ತಕದಲ್ಲಿ ಬರೆದವಳು ಆರ್ಲೀನ್.

"ನಿನ್ನೆದು ನನ್ನ ತಪ್ಪು, ಒಪ್ಕೋತೀನಿ ಸಾರ್. ಆದ್ರೆ ಇವತ್ತು ಇದು ಕಾರಿಂದ ಇಳಿದೇ ಇಲ್ಲ!"

"ಎಲ್ರೂ ಹಿಂಗೇ ಹೇಳೋದು. ಗಾಡಿ ಕಟ್ಟಿ, ಹೊರಡಿ."

ಆರ್ಲೀನ್ ಬೂದಿಯ ಬಕೆಟ್ ಹಿಡಿದು ಅಲ್ಲೇ ಇದ್ದಳು. ಮುಂದಿನ ಒಲೆಗುಂಡಿಯತ್ತ ನಡೆದಳು.

ಹೊರಡುವವರು ಉಳಿದ ಸೌದೆಯನ್ನು ಪಕ್ಕದವರಿಗೆ ಬಿಟ್ಟುಹೋಗುವುದು ಅಲ್ಲಿನ ವಾಡಿಕೆ. ಲೂಥರ್ ತನ್ನ ಸೌದೆಯನ್ನೆಲ್ಲ ತಂದು ಅವಳ ಟ್ರೇಲರ್ ಮೆಟ್ಟಿಲ ಬಳಿ ಒಟ್ಟಿದ.

"ನಿಮ್ಮ ಮೇಲೇನೂ ಸಿಟ್ಟಿಲ್ಲ ಮೇಡಂ, ನಿಮ್ಮ ಕೆಲಸ ನೀವು ಮಾಡಿದ್ರಿ. ಮುದುಕಪ್ಪನಿಗೆ ಚಳಿ ಇರತ್ತೆ, ಬೆಂಕಿ ಹಾಕಿ" ಎಂದು ಚೌಡರ್‌ನ ತಲೆ ಸವರಿದ.

ಕಾರು ಗೇಟು ದಾಟಿತು. ಚೌಡರ್ ಕುಳಿತು ಕಾಲಿನ ಮರಳು ನೆಕ್ಕುತ್ತಿತ್ತು. ಆರ್ಲೀನ್ ಹೋಸ್ಟ್ ಎಂದು ಬರೆದ ಕೋಟು ಕಳಚಿ, ಮಡಚಿ, ರೇಂಜರ್ ಕಚೇರಿಗೆ ನಡೆದಳು.

"ಡೆಲ್ಬರ್ಟ್, ಅದು ಚೌಡರ್. ಬಿಟ್ಟವಳು ನಾನೇ. ಲೂಥರ್‌ಗೆ ಫೋನ್ ಮಾಡು, ದಂಡ ನನ್ನ ಹೆಸರಿಗೆ ಬರಿ."

ಅವನು ಬಯ್ಯುತ್ತಾನೆ ಎಂದುಕೊಂಡಿದ್ದಳು. ಅವನು ಅವಳ ಕೈಯಲ್ಲಿದ್ದ ಕೋಟನ್ನು ನೋಡಿದ. ಆಮೇಲೆ ಫೋನು ಎತ್ತಿಕೊಂಡ.

"ಬೆಳಿಗ್ಗೆಯಿಂದ ಇಲ್ಲಿ ನಾಯಿ ಇರೋ ಪ್ರತಿಯೊಬ್ಬರನ್ನೂ ಕೇಳ್ದೆ ಆರ್ಲೀನ್" ಎಂದ. "ನಿನ್ನನ್ನ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."