ಚಂದ್ರಣ್ಣನ ಕೆಮ್ಮು

ಸತ್ತವರ ಸ್ವರ ಕೇಳಿತು ಎಂದು ಯಾರಾದರೂ ಹೇಳಿದರೆ, ಹಾಗೆ ಹೇಳಿದವರ ಸ್ವರವನ್ನೇ ತೆಗೆದು ನಾಲ್ಕು ಜನರನ್ನು ನಗಿಸುತ್ತಿದ್ದವ ನಾನು. ನಮ್ಮೂರು ನಾವುಂದದಲ್ಲಿ ನಾನು ಅಣಕಿಸದ ಗಂಟಲಿಲ್ಲ. ಬಸ್ಸಿನ ಕಂಡಕ್ಟರ್, ಮೀನಿನ ಅಕ್ಕ, ಕಡೆಗೆ ನನ್ನದೇ ಗೊರಕೆ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ನನ್ನ ಇನ್ನೊಂದು ಮರುಳು ಕ್ಯಾಮೆರಾ. ದಿನಾ ಬೆಳಿಗ್ಗೆ ಮನೆಯ ಸುತ್ತಮುತ್ತಲೇ ನಡೆದು ಫೋಟೋ ತೆಗೆಯುತ್ತೇನೆ. ಮಳೆಗಾಲದಲ್ಲಿ ಪಾಗಾರದ ಗೋಡೆಯ ಪಾಚಿ, ಬೇಸಗೆಯಲ್ಲಿ ಬಿರುಕು ಬಿಟ್ಟ ಗದ್ದೆ, ಚಳಿಗೆ ಇಬ್ಬನಿ. ನೆರೆಮನೆಯ ಚಂದ್ರಣ್ಣ ಬಿಡುತ್ತಿರಲಿಲ್ಲ. “ಹ್ವಾಯ್, ಗರ್ಕಿ ಹುಲ್ಲಿಗ್ ಮದಿ ನಿಶ್ಚಯ ಆಯ್ತಾ? ಇಷ್ಟ್ ಫೋಟೋ ತೆಗಿತೆ!”

ನಾನು ಅವರು ದನ ಕರೆಯುವ ಧಾಟಿಯಲ್ಲೇ ಉತ್ತರ ಕೊಡುತ್ತಿದ್ದೆ: “ಗೌರೀ, ಬಾ ಮಗಾ...”

“ಕಡಿಗಿಪ್ಪು ಕೆಮ್ಮ್ ಎಲ್ಲಿತ್ತಾ? ಕೆಮ್ಮ್ ಇಲ್ದಿರೆ ಅದ್ ನಾನಲ್ಲ!”

ನಿಜ. ಕರೆದ ಮೇಲೆ ಅವರು ಕೆಮ್ಮುವ ಆ ಒಣ ಕೆಮ್ಮು ನನಗೆ ಒಮ್ಮೆಯೂ ಬರಲಿಲ್ಲ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಚಂದ್ರಣ್ಣ ಹಠಾತ್ತನೆ ತೀರಿಕೊಂಡರು. ಅಂದಿನಿಂದ ಗೌರಿ ಹುಲ್ಲು ಮುಟ್ಟಲಿಲ್ಲ. ಐದನೆಯ ದಿನ ದನದ ಡಾಕ್ಟರೂ ತಲೆ ಅಲ್ಲಾಡಿಸಿ ಹೋದರು. ಚಂದ್ರಣ್ಣನ ಹೆಂಡತಿ ಗುಲಾಬಿಯಕ್ಕ ನನ್ನನ್ನು ಕರೆಸಿದರು. “ಮಗಾ, ಅವ್ರ್ ಸ್ವರ ಮಾಡಿ ಒಂದ್ ಸಲ ಕರಿ. ಇದೂ ಹೋದ್ರೆ ನಾ ತಡ್ಕಂತಿಲ್ಲೆ.”

ಕರೆದೆ. ಗೌರಿ ಕಿವಿ ಕೂಡ ಅಲ್ಲಾಡಿಸಲಿಲ್ಲ. ನನ್ನ ಅಣಕಕ್ಕೆ ನಗದ, ಬೈಯದ ಪ್ರೇಕ್ಷಕರು ನನಗೆ ಸಿಕ್ಕಿದ್ದು ಅದೇ ಮೊದಲು. ನಾಚಿಕೆಯಾಗಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅವರ ಗದ್ದೆಗೇ ಹೋದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆಯ ನಡುವೆ ಹುಲ್ಲು ಚಿಗುರಿ, ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಇಬ್ಬನಿ. ನಡೆದರೆ ಹೆಜ್ಜೆ ಬಿದ್ದಲ್ಲಿ ಮಾತ್ರ ಹಸಿರು ಗೆರೆ ಮೂಡುತ್ತದೆ. ಮೂಡಣದಿಂದ ಓರೆಯಾಗಿ ಬಿಸಿಲು ಬರುತ್ತಿತ್ತು. ಲೆನ್ಸಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು, ಮೊಣಕಾಲೂರಿ, ಜೇಡರ ಬಲೆಯೊಂದಕ್ಕೆ ಉಸಿರು ಹಿಡಿದು ಕೂತಿದ್ದೆ.

“ಗೌರೀ, ಬಾ ಮಗಾ...”

ಆಮೇಲೆ ಆ ಕೆಮ್ಮು.

ತಿರುಗಿದೆ. ಗದ್ದೆಗೆ ತಾಗಿದ ಅವರ ಅಂಗಳದ ಬದಿಯಲ್ಲಿ ಮಲಗಿದ್ದ ಗೌರಿ ಎದ್ದು ನಿಂತಿತ್ತು. ಅಭ್ಯಾಸಬಲದಿಂದ ಬೆರಳು ಗುಂಡಿ ಒತ್ತಿತು. ಸ್ವಲ್ಪ ಹೊತ್ತಿಗೆ ಗೌರಿ ಬಗ್ಗಿ ಹುಲ್ಲಿಗೆ ಬಾಯಿ ಹಾಕಿತು. ಗುಲಾಬಿಯಕ್ಕ ಅಳುತ್ತಾ ನಗುತ್ತಾ ಗದ್ದೆಯ ಬದುವಿಗೆ ಓಡಿ ಬಂದರು.

“ತಿಂತಿತ್ತ್ ಕಾಣ್ ಮಗಾ! ಒಂದೇ ರಾತ್ರಿಯಗೆ ಹ್ಯಾಂಗ್ ಕಲ್ತೆ ಮಾರಾಯ, ಕೆಮ್ಮ್ ಸಮೇತ?”

ಬಾಯಲ್ಲಿದ್ದ ಮುಚ್ಚಳ ತೆಗೆದು ಕಿಸೆಗೆ ಹಾಕಿದೆ. ಆ ಮುಖ ನೋಡಿ “ನಾನಲ್ಲ ಅಕ್ಕ” ಎನ್ನಲು ನಾಲಿಗೆ ಏಳಲಿಲ್ಲ. ಹೂಂ ಎಂದೆ.

ಆಮೇಲೆ ವಿಚಾರಿಸಿದೆ. ಚಂದ್ರಣ್ಣನ ಸ್ವರ ಯಾರ ಮೊಬೈಲಿನಲ್ಲೂ ಇರಲಿಲ್ಲ. ಯಾವುದೋ ಮೈನಾ ಹಕ್ಕಿ ನನ್ನ ಕಸುಬಿಗೆ ಕೈ ಹಾಕಿತೇ ಎಂದೂ ಹುಡುಕಿದೆ, ಒಂದೂ ಕಾಣಲಿಲ್ಲ. ಫೋಟೋ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಗೌರಿಯ ಕಣ್ಣು, ಕಿವಿ ಎರಡೂ ನನ್ನ ಕಡೆಗಿಲ್ಲ, ಬಿಸಿಲು ಬರುತ್ತಿದ್ದ ಕಡೆಗಿವೆ. ಅವತ್ತು ಫೋಟೋ ತೆಗೆದ ಕೂಡಲೇ ಎದ್ದು ನಾನೂ ಆ ಕಡೆ ನೋಡಿದ್ದೆ. ಗದ್ದೆಯ ಆ ಇಡೀ ಬದಿಯಲ್ಲಿ ಇಬ್ಬನಿ ಒಡೆದಿರಲಿಲ್ಲ. ಇಡೀ ಗದ್ದೆಯಲ್ಲಿ ಇದ್ದದ್ದು ಒಂದೇ ಹಸಿರು ಗೆರೆ, ಅದು ನಾನು ನಡೆದು ಬಂದದ್ದು.

ಗುಲಾಬಿಯಕ್ಕ ಈಗಲೂ ಕೆಲವೊಮ್ಮೆ, “ಅವತ್ತಿನಾಂಗೆ ಒಂದ್ಸಲ ಮಾಡ್ ಕಾಂಬ,” ಎನ್ನುತ್ತಾರೆ. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ. ಆಮೇಲೆ ಗದ್ದೆಗೆ ಹೋಗಿ, ಯಾರೂ ಇಲ್ಲವೆಂದು ನೋಡಿ, ಆ ಕೆಮ್ಮು ಕೆಮ್ಮಲು ನೋಡುತ್ತೇನೆ. ಇವತ್ತಿಗೂ ಬಂದಿಲ್ಲ.